ಒಂದೇ ಹೆಸರಿನ ಗ್ರೀಕ್ ಪುರಾಣ ಪಾತ್ರಗಳು: ಸೂಚಿ ಮಾಡುವಾಗ ಬೇರ್ಪಡಿಸುವುದು ಹೇಗೆ?

ಪದಕೋಶಿ (ಚರ್ಚೆ ಆರಂಭಿಸಿದವರು)

ಗ್ರೀಕ್ ಪುರಾಣದ ಪಾತ್ರಗಳಿಗೆ ಕನ್ನಡದಲ್ಲಿ ಒಂದು ಹೆಸರುಸೂಚಿ ಸಿದ್ಧವಾಗುತ್ತಿದೆ. ತೊಡಕು ಏನೆಂದರೆ ಒಂದು ಹೆಸರಿಗೆ ಮೂರು ನಾಲ್ಕು ಜನ ವಾರಸುದಾರರು. ಗ್ಲಾಕಸ್‌ನನ್ನೇ ನೋಡಿ. ಒಬ್ಬ ಇಲಿ ಅಟ್ಟಿಸಿಕೊಂಡು ಹೋಗಿ ಜೇನಿನ ಹಂಡೆಗೆ ಬಿದ್ದು ಸತ್ತ ಮಗು. ಒಬ್ಬನನ್ನು ಅವನು ಸಾಕಿದ ಕುದುರೆಗಳೇ ತಿಂದು ಹಾಕಿದವು. ಒಬ್ಬ ಯಾವುದೋ ಮೂಲಿಕೆ ತಿಂದು ಕಡಲದೇವತೆಯಾದ ಬೆಸ್ತ. ಇನ್ನೊಬ್ಬ ಟ್ರಾಯ್ ಯುದ್ಧದಲ್ಲಿ ಚಿನ್ನದ ಕವಚ ಕೊಟ್ಟು ಕಂಚಿನದನ್ನು ತೆಗೆದುಕೊಂಡವನು.

ಸದ್ಯಕ್ಕೆ ಗ್ಲಾಕಸ್ 1, 2, 3, 4 ಎಂದು ಅಂಕಿ ಹಾಕಿದೆ. ಇಷ್ಟು ಸಾಕೇ, ಅಥವಾ ಬೇರೆ ಪದ್ಧತಿ ಇದೆಯೇ?

ಕಡಲತಡಿ

ಅಂಕಿ ಮಾತ್ರ ಬೇಡ ಸಾರ್. ಅಂಕಿಗೆ ಅರ್ಥ ಇರುವುದು ಅದನ್ನು ಹಾಕಿದ ಪುಸ್ತಕದೊಳಗೆ ಮಾತ್ರ. ಒಂದು ನಿಘಂಟಿನ ಗ್ಲಾಕಸ್ 3 ಇನ್ನೊಂದರಲ್ಲಿ 5 ಆಗಿರುತ್ತಾನೆ. ನಾಳೆ ನಿಮಗೇ ಇನ್ನೊಬ್ಬ ಸಿಕ್ಕಿ ನಡುವೆ ಸೇರಿಸಿದರೆ ಕೆಳಗಿನವರೆಲ್ಲ ಒಂದೊಂದು ಸ್ಥಾನ ಜರುಗುತ್ತಾರೆ. ‘ನೋಡಿ: ಗ್ಲಾಕಸ್ 3’ ಎಂದು ಬೇರೆ ಕಡೆ ಬರೆದದ್ದೆಲ್ಲ ಸದ್ದಿಲ್ಲದೆ ತಪ್ಪಾಗುತ್ತದೆ.

ಐದು ಕಾಲಂ ಹಾಕಿ: ಹೆಸರು, ತಂದೆ, ಊರು, ಮಾಡಿದ ಕೆಲಸ ಅಥವಾ ಸತ್ತ ಬಗೆ, ಇದನ್ನು ಹೇಳುವ ಕೃತಿ. ಗ್ಲಾಕಸ್‌ಗೆ ತುಂಬಿದರೆ ಹೀಗೆ:

ಗ್ಲಾಕಸ್, ಮೈನಾಸ್‌ನ ಮಗ, ಕ್ರೀಟ್. ಜೇನಿನ ಹಂಡೆಯಲ್ಲಿ ಸತ್ತ, ಪಾಲಿಇಡಸ್ ಎಂಬ ಕಣಿಗಾರ ಬದುಕಿಸಿದ. ಅಪೊಲೊಡೋರಸ್ (ಆ ಹೆಸರಿನಲ್ಲಿರುವ ಗ್ರೀಕ್ ಪುರಾಣಸಂಗ್ರಹ).
ಗ್ಲಾಕಸ್, ಸಿಸಿಫಸ್‌ನ ಮಗ, ಪೊಟ್ನಿಯೈ. ಪೀಲಿಯಾಸ್‌ನ ಶ್ರಾದ್ಧದ ರಥಪಂದ್ಯದ ಹೊತ್ತಿಗೆ ಕುದುರೆಗಳಿಗೆ ಆಹಾರವಾದ.
ಗ್ಲಾಕಸ್, ಆಂಥೆಡಾನ್ ಊರಿನ ಬೆಸ್ತ, ಕಡಲದೇವತೆ. ರೋಮನ್ ಕವಿ ಓವಿಡ್‌ನ ಮೆಟಮಾರ್ಫಸಿಸ್.
ಗ್ಲಾಕಸ್, ಹಿಪೊಲೊಕಸ್‌ನ ಮಗ, ಲಿಸಿಯಾ. 100 ಎತ್ತು ಬೆಲೆಯ ಕವಚ ಕೊಟ್ಟು 9 ಎತ್ತು ಬೆಲೆಯದನ್ನು ಪಡೆದ. ಹೋಮರ್‌ನ ಟ್ರಾಯ್ ಯುದ್ಧದ ಕಾವ್ಯ ಇಲಿಯಡ್, 6ನೇ ಸರ್ಗ.

ಎರಡು ಕಡೆ ಕಾಲು ಜಾರುತ್ತದೆ. ಊರಿನ ಕಾಲಂನಲ್ಲಿ ‘ಬಿಯೋಷಿಯಾ’ ಎಂದು ಸೀಮೆಯ ಹೆಸರು ಬರೆದರೆ ಕೆಲಸ ಕೆಟ್ಟಿತು. ಪೊಟ್ನಿಯೈ, ಆಂಥೆಡಾನ್ ಎರಡೂ ಇರುವುದು ಬಿಯೋಷಿಯಾದಲ್ಲೇ. ಹಾಗೇ ‘ಮೂಲಿಕೆಯ ಕಥೆ’ ಎಂದು ಗುರುತಿಟ್ಟುಕೊಂಡರೂ ಆಗದು. ಬೆಸ್ತ ಮೂಲಿಕೆ ತಿಂದು ದೇವತೆಯಾದ. ಮೈನಾಸ್‌ನ ಮಗನಿಗೆ ಜೀವ ಬಂದದ್ದೂ ಹಾವೊಂದು ಕಚ್ಚಿ ತಂದ ಮೂಲಿಕೆಯಿಂದಲೇ.

ನಡುರಾತ್ರಿ ಓದುಗ

ಇದರಲ್ಲಿ ಇನ್ನೊಂದು ಎಳೆ ಇದೆ. ಲಿಸಿಯಾದ ಗ್ಲಾಕಸ್ ತನ್ನ ವಂಶ ಹೇಳಿಕೊಳ್ಳುವುದು ಹೀಗೆ: ಸಿಸಿಫಸ್, ಅವನ ಮಗ ಗ್ಲಾಕಸ್, ಅವನ ಮಗ ಬೆಲೆರೊಫಾನ್, ಅವನ ಮಗ ಹಿಪೊಲೊಕಸ್, ಅವನ ಮಗ ತಾನು. ಅಂದರೆ ಕುದುರೆಗಳಿಗೆ ಆಹಾರವಾದವನ ಮರಿಮಗ. ತಾತ ಮುತ್ತಾತನ ಹೆಸರನ್ನು ಮಕ್ಕಳಿಗೆ ಇಡುವುದು ಗ್ರೀಕರಲ್ಲೂ ನಮ್ಮಲ್ಲಿದ್ದಷ್ಟೇ ಮಾಮೂಲು. ಹೀಗಾಗಿ ಒಂದೇ ಮನೆಯೊಳಗೆ ಒಂದೇ ಹೆಸರು ಎರಡು ಸಲ ಬಂದರೆ ಅದು ಗೊಂದಲವಲ್ಲ, ವಂಶದ ಗುರುತು. ಸೂಚಿಯಲ್ಲಿ ಇಂಥವರ ನಡುವೆ ಒಂದು ಕೊಂಡಿ ಹಾಕಿ.

ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ನಾಟಕಗಳ ತುಣುಕು ಸೇರಿಸುವುದಾದರೆ ಹುಷಾರು. ಅವನು ‘ಗ್ಲಾಕಸ್ ಪೊಟ್ನಿಯೂಸ್’, ‘ಗ್ಲಾಕಸ್ ಪಾಂಟಿಯೊಸ್’ ಎಂದು ಎರಡು ನಾಟಕ ಬರೆದಿದ್ದ. ಮೊದಲನೆಯದು ಕುದುರೆಯವನದು, ಎರಡನೆಯದು ಕಡಲಿನವನದು. ಎರಡೂ ಪೂರ್ತಿ ಉಳಿದಿಲ್ಲ. ಹಳಬರು ಬರೀ ‘ಗ್ಲಾಕಸ್‌ನಲ್ಲಿ’ ಎಂದು ಹೇಳಿ ಉದ್ಧರಿಸಿದ ಸಾಲು ಯಾವ ನಾಟಕದ್ದು ಎಂದು ತೀರ್ಮಾನಿಸಲು ಒಳಗಿನ ವಿಷಯ ಒಂದೇ ದಾರಿ.

ಒರೆಗಲ್ಲು

ಕಾಲಂ ಪದ್ಧತಿ ಚೆನ್ನಾಗಿ ಕೆಲಸ ಮಾಡುವುದು ಇಬ್ಬರು ಏಜಾಕ್ಸ್‌ಗಳ ವಿಷಯದಲ್ಲಿ. ಟೆಲಮಾನ್‌ನ ಮಗ ಸಲಾಮಿಸ್‌ನವನು, 12 ಹಡಗು ತಂದವನು, ಭಾರೀ ಆಳು. ಅವನ ಗುರಾಣಿ ಏಳು ಪದರ ಎತ್ತಿನ ಚರ್ಮ, ಎಂಟನೆಯದು ಕಂಚು. ಮಾಡಿದವನು ಹೈಲೆ ಊರಿನ ಟಿಖಿಯಸ್ ಎಂದು ಹೋಮರ್ ಕುಶಲಕರ್ಮಿಯ ಹೆಸರನ್ನೂ ಹೇಳುತ್ತಾನೆ. ಓಯ್ಲಿಯಸ್‌ನ ಮಗ ಲೋಕ್ರಿಸ್‌ನವನು, 40 ಹಡಗು, ಮೈಕಟ್ಟಿನಲ್ಲಿ ಚಿಕ್ಕವನು, ತೊಟ್ಟದ್ದು ನಾರುಬಟ್ಟೆಯ ಎದೆಕವಚ, ಓಟದಲ್ಲಿ ಚುರುಕು. 23ನೇ ಸರ್ಗದ ಓಟದ ಪಂದ್ಯದಲ್ಲಿ ಸಗಣಿಯ ಮೇಲೆ ಜಾರಿ ಬಾಯಿ ಮೂಗಿಗೆಲ್ಲ ಮೆತ್ತಿಕೊಳ್ಳುವವನು ಈ ಚಿಕ್ಕವನು. ಕಸಾಂಡ್ರಳನ್ನು ಅಥೀನಾಳ ಗುಡಿಯಿಂದ ಎಳೆದವನೂ ಇವನೇ, ಸತ್ತದ್ದು ಕಡಲಲ್ಲಿ. ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತವನು ದೊಡ್ಡವನು. ಸೊಫೊಕ್ಲೀಸ್‌ನ ನಾಟಕ ಇರುವುದು ಅವನ ಮೇಲೆ.

ಹಡಗಿನ ಲೆಕ್ಕ ನೋಡಿ ‘ಹೆಚ್ಚು ಹಡಗು ಇದ್ದವನು ದೊಡ್ಡ ಏಜಾಕ್ಸ್’ ಎಂದು ಊಹಿಸುವುದು ಇಲ್ಲಿಯ ಮಾಮೂಲಿ ತಪ್ಪು. ಲೆಕ್ಕ ತಿರುಗಾಮುರುಗಾ.

ಏಕಶೇಷ

ಒರೆಗಲ್ಲು ಅವರೇ, ಇಲಿಯಡ್‌ನಲ್ಲಿ ‘ಇಬ್ಬರು ಏಜಾಕ್ಸ್‌ಗಳು’ ಎಂದು ಬಂದ ಕಡೆಯೆಲ್ಲ ಈ ಇಬ್ಬರೇ ಎಂದು ಸೂಚಿಯಲ್ಲಿ ಹಾಕಬೇಡಿ. ಮೂಲದಲ್ಲಿರುವುದು ದ್ವಿವಚನ (ಇಬ್ಬರನ್ನು ಸೂಚಿಸುವ ರೂಪ), ‘ಐಆಂತೆ’. ಸಂಸ್ಕೃತ ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ. ‘ಪಿತರೌ’ ಎಂದರೆ ಇಬ್ಬರು ಅಪ್ಪಂದಿರಲ್ಲ, ಅಪ್ಪ ಅಮ್ಮ. ವೇದದಲ್ಲಿ ‘ಮಿತ್ರಾ’ ಎಂಬ ದ್ವಿವಚನ ಒಂದೇ ಮಿತ್ರನನ್ನೂ ವರುಣನನ್ನೂ ಸೇರಿಸಿ ಹೇಳುತ್ತದೆ. ಇದೇ ಕೀಲಿಯಿಂದ 1877ರಲ್ಲಿ ಯಾಕೊಬ್ ವಾಕರ್‌ನಾಗಲ್ ಎಂಬ ಭಾಷಾಶಾಸ್ತ್ರಜ್ಞ ‘ಐಆಂತೆ’ಯನ್ನು ಬಿಡಿಸಿದ: ಅದರ ಹಳೆಯ ಅರ್ಥ ‘ಏಜಾಕ್ಸ್ ಮತ್ತು ಅವನ ಜೊತೆಗಾರ’, ಅಂದರೆ ಮಲತಮ್ಮ ಟ್ಯೂಸರ್.

13ನೇ ಸರ್ಗದಲ್ಲಿ ಇದರ ಜೋಡಣೆಯ ಗೆರೆ ಕಾಣುತ್ತದೆ. ಇಂಬ್ರಿಯಸ್‌ನನ್ನು ಕೊಲ್ಲುವವನು ಟ್ಯೂಸರ್. ಹೆಣವನ್ನು ಎರಡು ಸಿಂಹಗಳು ಆಡನ್ನು ಹೊತ್ತಂತೆ ಹೊತ್ತೊಯ್ಯುವವರು ‘ಐಆಂತೆ’. ಕೊಂದವನೂ ಅವನ ಅಣ್ಣನೂ ಹೊತ್ತರೆ ಸಹಜ. ಆದರೆ ಮರುಕ್ಷಣ ಆ ತಲೆ ಕಡಿದು ಚೆಂಡಿನಂತೆ ಉರುಳಿಸುವವನು ಓಯ್ಲಿಯಸ್‌ನ ಮಗ. ದ್ವಿವಚನದ ಹಳೆಯ ಅರ್ಥ ಮರೆತ ಮೇಲೆ ‘ಇಬ್ಬರು ಏಜಾಕ್ಸ್’ ಎಂದೇ ಓದಿ ಎರಡನೆಯವನನ್ನು ತುಂಬಿದ್ದು ಎಂಬುದು ವಾದ. ಎಲ್ಲರೂ ಒಪ್ಪುವುದಿಲ್ಲ, ಆದರೂ ಟಿಪ್ಪಣಿಯಲ್ಲಿ ಇರಲೇಬೇಕಾದ್ದು.

ಪದಕೋಶಿ

ಬಹಳ ಉಪಕಾರವಾಯಿತು. ಹಾಗಾದರೆ ತಂದೆಯ ಹೆಸರು ಇದ್ದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ, ಅಲ್ಲವೇ?

ಕಡಲತಡಿ

ಟ್ರಾಯ್ ವೀರರ ಮಟ್ಟಿಗೆ ಹೌದು. ಇಲಿಯಡ್‌ನಲ್ಲಿ ಸ್ಕೀಡಿಯಸ್ ಎಂಬ ಹೆಸರಿನವರು ಇಬ್ಬರು. ಇಬ್ಬರೂ ಫೋಕಿಸ್‌ನ ನಾಯಕರು, ಇಬ್ಬರನ್ನೂ ಕೊಂದವನು ಹೆಕ್ಟರ್. 15ನೇ ಸರ್ಗದಲ್ಲಿ ಸತ್ತವನು ಪೆರಿಮೀಡೀಸ್‌ನ ಮಗ, 17ರಲ್ಲಿ ಸತ್ತವನು ಇಫಿಟಸ್‌ನ ಮಗ. ತಂದೆಯ ಹೆಸರೊಂದು ಬಿಟ್ಟರೆ ಬೇರ್ಪಡಿಸಲು ಮತ್ತೇನೂ ಇಲ್ಲ. ಕವಿಯ ನೆನಪೇ ತಪ್ಪಿತ್ತೋ ಏನೋ, ನಿಮ್ಮ ಪಟ್ಟಿಯಲ್ಲಿ ಮಾತ್ರ ಇಬ್ಬರೂ ಇರಲಿ.

ಚಿಕ್ಕೆರೆ

ಆ ಭರವಸೆ ಆರ್ಗಸ್ ಬಂದಾಗ ಮುರಿಯುತ್ತದೆ. ಮೈಯೆಲ್ಲ ಕಣ್ಣಿನ ಕಾವಲುಗಾರ ಆರ್ಗಸ್ ಒಬ್ಬ. ಆರ್ಗೊ ಹಡಗು ಕಟ್ಟಿದ ಆರ್ಗಸ್ ಒಬ್ಬ. ಆ ಹಡಗಿನ ಯಾನವನ್ನು ಹೇಳುವ ಆರ್ಗೊನಾಟಿಕ ಕಾವ್ಯದಲ್ಲಿ ಹಡಗಿನವನು ಅರೆಸ್ಟರ್‌ನ ಮಗ. ಕಾವಲುಗಾರನ ತಂದೆಯ ಬಗ್ಗೆ ಅಪೊಲೊಡೋರಸ್ ಹಲವರ ಮಾತು ಕೊಡುತ್ತಾನೆ, ಅದರಲ್ಲಿ ಫೆರೆಕೈಡೀಸ್ ಎಂಬ ಹಳೆಯ ಬರಹಗಾರ ಹೇಳುವ ತಂದೆಯೂ ಅರೆಸ್ಟರ್! ಅದೂ ಸಾಲದು ಎಂಬಂತೆ ಕಾವಲುಗಾರ ಅರ್ಕೇಡಿಯಾದಲ್ಲಿ ಗೂಳಿ ಕೊಂದು ಅದರ ಚರ್ಮ ಹೊದ್ದವನು. ಹಡಗಿನವನು ಕೂಡ ಕಾವ್ಯದಲ್ಲಿ ಬರುವುದು ಕಾಲತನಕ ಇಳಿಬಿದ್ದ ಕಪ್ಪು ಕೂದಲಿನ ಗೂಳಿಚರ್ಮ ಹೊದ್ದುಕೊಂಡು. ತಂದೆ ಒಂದೇ, ಬಟ್ಟೆಯೂ ಒಂದೇ.

ಇನ್ನೊಂದು ಕಡೆ ಅದೇ ಅಪೊಲೊಡೋರಸ್ ಹಡಗು ಕಟ್ಟಿದವನನ್ನು ಫ್ರಿಕ್ಸಸ್‌ನ ಮಗ ಎನ್ನುತ್ತಾನೆ. ಆರ್ಗೊನಾಟಿಕದಲ್ಲಿ ಫ್ರಿಕ್ಸಸ್‌ನ ಮಗ ಆರ್ಗಸ್ ಬೇರೆಯೇ ಆಳು, ದಾರಿಯಲ್ಲಿ ದ್ವೀಪವೊಂದರಲ್ಲಿ ಸಿಕ್ಕಿ ಹಡಗು ಹತ್ತುವವನು. ಒಡಿಸ್ಯೂಸ್‌ನ ಮುದಿ ನಾಯಿಯ ಹೆಸರೂ ಅದೇ. ನಾಯಿಯನ್ನು ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ, ಪಾಪ.

ಆದ್ದರಿಂದ ತಂದೆಯ ಕಾಲಂನಲ್ಲಿ ಬರೀ ಹೆಸರು ಬೇಡ. ‘ಅರೆಸ್ಟರ್ (ಫೆರೆಕೈಡೀಸ್ ಪ್ರಕಾರ)’ ಎಂದೇ ಬರೆಯಿರಿ. ಕೃತಿಯ ಕಾಲಂ ಕೊನೆಯಲ್ಲಿ ಒಂದು ಸಲ ಇದ್ದರೆ ಸಾಲದು, ಪ್ರತಿ ಹೇಳಿಕೆಗೂ ಅಂಟಿಕೊಂಡಿರಬೇಕು.

ಒರೆಗಲ್ಲು

ಅಟಲಾಂಟಾ ಇನ್ನೂ ಕಷ್ಟ. ಅರ್ಕೇಡಿಯಾದ ಅಟಲಾಂಟಾ ಐಯಾಸಸ್‌ನ ಮಗಳು: ಕಾಡಿಗೆ ಎಸೆದ ಕೂಸು, ಕರಡಿ ಹಾಲೂಡಿಸಿತು, ಕ್ಯಾಲಿಡಾನ್‌ನ ಹಂದಿಗೆ ಮೊದಲ ಬಾಣ ಅವಳದು. ಬಿಯೋಷಿಯಾದವಳು ಸ್ಕೀನಿಯಸ್‌ನ ಮಗಳು: ಓಟದ ಪಣ, ಹಿಪೊಮಿನೀಸ್, ಮೂರು ಚಿನ್ನದ ಸೇಬು. ನಿಘಂಟುಗಳು ಹೀಗೆ ಚೊಕ್ಕವಾಗಿ ಎರಡು ಮಾಡುತ್ತವೆ. ಇಬ್ಬರಿಗೂ ಬೇರೆ ಬೇರೆ ಪುಟ ಮಾಡಿ.

ಚಿಕ್ಕೆರೆ

ಇಲ್ಲ, ಇದನ್ನು ಒಪ್ಪಲಾಗದು. ಅಪೊಲೊಡೋರಸ್‌ನಲ್ಲಿ ಕರಡಿ, ಹಂದಿ, ಓಟ, ಸೇಬು ಎಲ್ಲವೂ ಒಬ್ಬಳದೇ, ಐಯಾಸಸ್‌ನ ಮಗಳದು. ಗೆದ್ದವನು ಮೆಲೇನಿಯನ್. ಕಥೆ ಮುಗಿಸಿ ಅವನೇ ಸೇರಿಸುತ್ತಾನೆ: ಹೀಸಿಯಡ್ ಮತ್ತು ಕೆಲವರ ಪ್ರಕಾರ ತಂದೆ ಸ್ಕೀನಿಯಸ್, ಯೂರಿಪಿಡೀಸ್ ಪ್ರಕಾರ ತಂದೆ ಮೀನಲಸ್, ಗಂಡ ಹಿಪೊಮಿನೀಸ್. ಅಂದರೆ ಅವನ ಕಣ್ಣಿಗೆ ಇದು ಇಬ್ಬರು ಹೆಂಗಸರ ವಿಷಯವಲ್ಲ, ಒಬ್ಬಳ ಬಗ್ಗೆ ಮೂರು ಮಾತು. ಎರಡು ಪುಟ ಮಾಡಿದರೆ ಇಲ್ಲದ ಖಚಿತತೆಯನ್ನು ನಾವು ಹುಟ್ಟಿಸಿದಂತೆ. ಒಂದೇ ಪುಟ, ಒಳಗೆ ಎರಡು ಭಾಗ.

ಒರೆಗಲ್ಲು

ಸರಿ, ಸೋತೆ. ಅಟಲಾಂಟಾಗೆ ಒಂದೇ ಪುಟ. ಆದರೆ ಕ್ರಿಯಾನ್‌ಗೆ ಎರಡು ಬೇಕೇ ಬೇಕು: ಥೀಬ್ಸ್‌ನವನು ಆಂಟಿಗನಿಯ ಸೋದರಮಾವ, ಕಾರಿಂಥ್‌ನವನು ಮೆಡಿಯಾ ಕಳಿಸಿದ ವಿಷದ ಉಡುಪಿನಿಂದ ಮಗಳ ಜೊತೆ ಸತ್ತವನು.

ಏಕಶೇಷ

ಬೇಕು. ಆದರೆ ‘ಕ್ರಿಯಾನ್’ ಎಂದರೇ ‘ಆಳುವವನು’. ಅದರ ಹೆಣ್ಣುರೂಪ ಕ್ರಿಯೂಸಾ, ‘ಒಡತಿ’. ಕಥೆಗೆ ಒಬ್ಬ ರಾಜ ಬೇಕು, ಅವನದೇ ಹೆಸರು ಸಂಪ್ರದಾಯದಲ್ಲಿಲ್ಲ ಎಂದಾಗ ಇಂಥ ಹೆಸರು ಕೈಗೆ ಸಿಗುತ್ತದೆ. ನಮ್ಮ ಕಥೆಗಳಲ್ಲಿ ‘ಒಬ್ಬ ದೊರೆಯಿದ್ದ’ ಎಂದು ಬಿಡುವ ಜಾಗವನ್ನು ಅವರು ಹೆಸರಿಟ್ಟು ತುಂಬಿದರು ಎನ್ನಿ. ಅದಕ್ಕೇ ಕ್ರಿಯೂಸಾಗಳ ಸಾಲೇ ಇದೆ: ಈನಿಯಾಸ್‌ನ ಮೊದಲ ಹೆಂಡತಿ, ಅಯಾನ್‌ನ ತಾಯಿಯಾದ ಅಥೆನ್ಸ್‌ನ ರಾಜಕುಮಾರಿ, ಗ್ಲಾಕಿ ಎಂಬ ಇನ್ನೊಂದು ಹೆಸರೂ ಇರುವ ಕಾರಿಂಥ್‌ನವಳು. ಯೂರಿಡಿಸಿಯೂ ಹಾಗೇ. ಆರ್ಫಿಯಸ್‌ನ ಹೆಂಡತಿ ಒಬ್ಬಳೇ ಎಲ್ಲರಿಗೂ ಗೊತ್ತು. ಥೀಬ್ಸ್‌ನ ಕ್ರಿಯಾನ್‌ನ ಹೆಂಡತಿಯೂ ಯೂರಿಡಿಸಿ, ಪರ್ಸಿಯಸ್‌ನ ಅಜ್ಜಿಯೂ ಯೂರಿಡಿಸಿ. ಇಂಥ ಹೆಸರು ಕಂಡಾಗ ಇಬ್ಬರ ನಡುವೆ ನಂಟು ಹುಡುಕಿ ಹೋಗಬೇಡಿ, ಸಿಗುವುದಿಲ್ಲ.

ನಡುರಾತ್ರಿ ಓದುಗ

ಇನ್ನೊಂದು ಬಗೆ ಇದೆ, ಸೂಚಿ ಮಾಡುವವರು ಹೆಚ್ಚು ಎಡವುವುದು ಅಲ್ಲೇ: ವಂಶಾವಳಿಯ ಲೆಕ್ಕ ಕೂಡದೆ ಹುಟ್ಟಿದ ಜೋಡಿಗಳು.

ಸಾರ್ಪಿಡಾನ್ ನೋಡಿ. ಒಂದು ಕಥೆಯಲ್ಲಿ ಅವನು ಝ್ಯೂಸ್ ಮತ್ತು ಯುರೋಪಾಳ ಮಗ, ಮೈನಾಸ್‌ನ ತಮ್ಮ. ಇಲಿಯಡ್‌ನಲ್ಲಿ ಝ್ಯೂಸ್ ಮತ್ತು ಲವೊಡಮಿಯಾಳ ಮಗ, ಟ್ರಾಯ್‌ನಲ್ಲಿ ಪಟ್ರೊಕ್ಲಸ್‌ನ ಕೈಯಲ್ಲಿ ಸಾಯುವವನು. ಆದರೆ ಅದೇ ಯುದ್ಧದಲ್ಲಿ ಮೈನಾಸ್‌ನ ಮೊಮ್ಮಗ ಇಡೊಮಿನಿಯಸ್ ಆಗಲೇ ನರೆತ ತಲೆಯವನು. ತಮ್ಮ ಅಷ್ಟು ಕಾಲ ಬದುಕಿದ್ದು ಹೇಗೆ? ಅಪೊಲೊಡೋರಸ್ ಕೊಡುವ ಪರಿಹಾರ: ಝ್ಯೂಸ್ ಅವನಿಗೆ ಮೂರು ತಲೆಮಾರಿನ ಆಯುಷ್ಯ ಕೊಟ್ಟ. ಇತಿಹಾಸಕಾರ ಡಿಯೊಡೋರಸ್‌ನ ಪರಿಹಾರ: ಇಬ್ಬರು ಸಾರ್ಪಿಡಾನ್‌ಗಳು, ತಾತ ಮತ್ತು ಮೊಮ್ಮಗ, ನಡುವೆ ಎವಾಂಡರ್ ಎಂಬ ಮಗ. ಒಬ್ಬ ಆಯುಷ್ಯ ಎಳೆದ, ಇನ್ನೊಬ್ಬ ಆಳನ್ನೇ ಸೀಳಿದ. ಮೈನಾಸ್‌ನಿಗೂ ಡಿಯೊಡೋರಸ್ ಇದೇ ಮಾಡಿದ್ದಾನೆ: ನ್ಯಾಯ ಕೊಟ್ಟ ಮೈನಾಸ್ ತಾತ, ಮಿನೊಟಾರ್ ಎಂಬ ಗೂಳಿತಲೆಯ ರಕ್ಕಸನ ಕಾಲದ ಮೈನಾಸ್ ಮೊಮ್ಮಗ. ಅಥೆನ್ಸ್‌ನ ರಾಜಪಟ್ಟಿಯಲ್ಲಿ ಇಬ್ಬರು ಕೀಕ್ರಾಪ್ಸ್, ಇಬ್ಬರು ಪ್ಯಾಂಡಿಯನ್ ಇರುವುದರ ಹಿಂದೆಯೂ ಖಾಲಿ ತಲೆಮಾರು ತುಂಬುವ ಹಟವೇ ಇದ್ದಂತಿದೆ.

ನ್ಯಾಕ್ಸಸ್ ದ್ವೀಪದವರಂತೂ ಇಬ್ಬರು ಅರಿಯಾಡ್ನಿ ಎಂದರು, ಪ್ಲೂಟಾರ್ಕ್ ಅದನ್ನು ಬರೆದಿಟ್ಟ. ಡಯೊನೈಸಸ್‌ನ ಮಡದಿಯಾದ ಅರಿಯಾಡ್ನಿಗೆ ಕುಣಿತ ನಲಿವಿನ ಹಬ್ಬ. ಥೀಸಿಯಸ್ ಬಿಟ್ಟುಹೋದ ಅರಿಯಾಡ್ನಿಗೆ ಅಳುವಿನ ಹಬ್ಬ. ಒಂದೇ ಹೆಸರಿಗೆ ಎರಡು ವಿರುದ್ಧ ಆಚರಣೆ ಇದ್ದವು, ಅದಕ್ಕೆ ತಕ್ಕಂತೆ ಇಬ್ಬರಾದರು.

ಸೂಚಿಯಲ್ಲಿ ಇಂಥವರನ್ನು ‘ಸಾರ್ಪಿಡಾನ್ (ತಾತ)’ ಎಂದು ನೇರವಾಗಿ ಹಾಕಬಾರದು. ‘ಡಿಯೊಡೋರಸ್ ಇಬ್ಬರೆನ್ನುತ್ತಾನೆ’ ಎಂದು ಒಂದೇ ಪುಟದಲ್ಲಿ ಹೇಳಿ.

ಹೊಸಚಿಗುರು

ರೋಮನ್ ಲೇಖಕ ಸಿಸೆರೊ ಆರು ಜನ ಹರ್ಕ್ಯುಲೀಸ್ ಎಂದು ಪಟ್ಟಿ ಕೊಡುತ್ತಾನಲ್ಲ, ಐದನೆಯವನು ಭಾರತದಲ್ಲಿದ್ದವನು, ಹೆಸರು ಬೇಲಸ್ ಅಂತೆ. ಆರು ಪುಟ ಮಾಡೋಣವೇ?

ನಡುರಾತ್ರಿ ಓದುಗ

ಬೇಡ ಮಾರಾಯರೇ! ಆ ಪಟ್ಟಿ ಬರುವುದು ದೇವತೆಗಳ ಸ್ವರೂಪದ ಬಗ್ಗೆ ಇರುವ ಸಂವಾದದ 3ನೇ ಭಾಗದಲ್ಲಿ. ಮಾತಾಡುವವನು ಕೋಟಾ ಎಂಬ ಸಂದೇಹವಾದಿ. 3 ಜುಪಿಟರ್, 5 ಸೂರ್ಯ, 4 ವಲ್ಕನ್, 5 ಮರ್ಕ್ಯುರಿ ಎಂದು ಎಣಿಸುತ್ತ ಹೋಗುವುದು ‘ಇಷ್ಟರಲ್ಲಿ ಯಾರನ್ನು ಪೂಜಿಸಲಿ ಹೇಳಿ’ ಎಂದು ಎದುರಾಳಿಯನ್ನು ಕಟ್ಟಿಹಾಕಲು. ಅದು ವಾದದ ಪಟ್ಟು, ಸೂಚಿಯಲ್ಲ. ಹೆರೊಡೋಟಸ್‌ನ ಮಾತಿಗೆ ಬೇರೆ ತೂಕ: ಟೈರ್‌ನ ಗುಡಿ ನೋಡಿಬಂದು, ಹೆರಕ್ಲೀಸ್‌ನಿಗೆ (ಹರ್ಕ್ಯುಲೀಸ್‌ನ ಗ್ರೀಕ್ ಹೆಸರು) ಎರಡು ಬಗೆಯ ಪೂಜೆ ನಡೆಸುವವರೇ ಸರಿ ಎನ್ನುತ್ತಾನೆ, ಒಂದು ದೇವರೆಂದು, ಇನ್ನೊಂದು ಸತ್ತ ವೀರನೆಂದು.

ಹೊಸಚಿಗುರು

ಅರ್ಥವಾಯಿತು. ನಮ್ಮ ಮಹಾಭಾರತದಲ್ಲಿ ಹೆಸರು ಹಂಚಿಕೊಂಡದ್ದಕ್ಕೇ ಜಗಳ ತೆಗೆದು ಚಿತ್ರಾಂಗದ ಗಂಧರ್ವ ಶಂತನುವಿನ ಮಗ ಚಿತ್ರಾಂಗದನನ್ನು ಕೊಂದ. ಸೂಚಿ ಮಾಡುವವರಿಗೆ ಅದು ಅನುಕೂಲವೇ 🙂

ಅಲ್ಪಪ್ರಾಣ

ಇಲ್ಲಿಯವರೆಗೆ ಯಾರೂ ಮುಟ್ಟದ ವಿಷಯ: ನಾವೇ ಹುಟ್ಟಿಸುವ ಜೋಡಿಗಳು. ಇಂಗ್ಲಿಷ್ ಮೂಲಕ ಹೆಸರು ತಂದರೆ ಬೇರೆ ಬೇರೆ ಇದ್ದವರೂ ಕನ್ನಡದಲ್ಲಿ ಒಂದಾಗುತ್ತಾರೆ. ಅಕಿಲೀಸ್‌ನ ತಾಯಿಯೂ ‘ಥೆಟಿಸ್’, ಓಷಿಯಾನಸ್‌ನ ಹೆಂಡತಿಯೂ ‘ಥೆಟಿಸ್’ ಎಂದು ಬರೆದದ್ದು ಬೇಕಾದಷ್ಟು ಕಡೆ ಕಾಣುತ್ತದೆ. ಗ್ರೀಕ್‌ನಲ್ಲಿ ಮೊದಲನೆಯವಳು ಥೆತಿಸ್, ಎರಡನೆಯವಳು ತೇಥೂಸ್. ಎರಡನೆಯವಳು ಮೊದಲನೆಯವಳ ತಾಯಿಯ ತಾಯಿ. ಬೆರೆಸಿದರೆ ಮೊಮ್ಮಗಳು ತನಗೆ ತಾನೇ ಅಜ್ಜಿ.

ಕನ್ನಡ ಲಿಪಿಗೆ ಇಲ್ಲಿ ಇಂಗ್ಲಿಷಿಗಿಲ್ಲದ ಅನುಕೂಲ ಇದೆ. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘ ಭೇದ ಗ್ರೀಕ್‌ನ ಎಪ್ಸಿಲಾನ್-ಈಟಾ, ಒಮಿಕ್ರಾನ್-ಒಮೆಗಾ ಜೋಡಿಗೆ ಸರಿಹೊಂದುತ್ತದೆ. ತ-ಥ, ಪ-ಫ, ಕ-ಖ ಭೇದವೂ ಹಳೆಯ ಗ್ರೀಕ್‌ನಲ್ಲಿ ಇತ್ತು. ಝ್ಯೂಸ್‌ನ ತಂದೆ ಕ್ರೊನೊಸ್. ‘ಕಾಲ’ ಎಂಬ ಅರ್ಥದವನು ಖ್ರೊನೊಸ್. ಇಬ್ಬರನ್ನೂ ‘ಕ್ರೋನಸ್’ ಎಂದು ಬರೆದು ಆಮೇಲೆ ‘ಕಾಲದೇವತೆ ತನ್ನ ಮಕ್ಕಳನ್ನು ನುಂಗಿದ’ ಎಂದು ವಿವರಿಸುವವರಿಗೆ ಏನು ಹೇಳೋಣ! (ಹಳಬರೂ ಈ ಶ್ಲೇಷೆ ಮಾಡುತ್ತಿದ್ದರು, ಆದರೆ ಗೊತ್ತಿದ್ದೇ ಮಾಡುತ್ತಿದ್ದರು.) ಅಥೀನಾಳ ಬಿರುದು ಪಲ್ಲಸ್, ಕೊನೆಯಲ್ಲಿ ಹ್ರಸ್ವ. ಅವಳು ಚರ್ಮ ಸುಲಿದ ದೈತ್ಯ, ಸ್ಟಿಕ್ಸ್‌ಳ ಗಂಡನಾದ ಟೈಟನ್, ಥೀಸಿಯಸ್‌ನ ಮೇಲೆ 50 ಮಕ್ಕಳನ್ನು ಛೂ ಬಿಟ್ಟ ಚಿಕ್ಕಪ್ಪ, ಈ ಗಂಡಸರೆಲ್ಲ ಪಲ್ಲಾಸ್, ದೀರ್ಘ. ಒಂದು ದೀರ್ಘದಲ್ಲಿ ಹೆಣ್ಣು ಗಂಡು ಬೇರೆಯಾಗುತ್ತದೆ.

ಅಕಿಲೀಸ್, ಹರ್ಕ್ಯುಲೀಸ್ ಕನ್ನಡದಲ್ಲಿ ಕೂತುಬಿಟ್ಟಿವೆ, ಅವನ್ನು ಅಲ್ಲಾಡಿಸುವುದು ಬೇಡ. ಘರ್ಷಣೆ ಇರುವ ಕಡೆ ಮಾತ್ರ ಮೂಲ ಉಚ್ಚಾರ ಹಿಡಿದರೆ ಸಾಕು.

ಒರೆಗಲ್ಲು

ಹುಡುಕುವಾಗ ಮೋಸ ಮಾಡುವ ಹೆಸರು ಡಯೊಮಿಡೀಸ್. ‘ಡಯೊಮಿಡೀಸ್, ಥ್ರೇಸ್, ಕುದುರೆ’ ಎಂದು ಮೂರು ಪದ ಕೊಟ್ಟರೂ ಇಬ್ಬರೂ ಬರುತ್ತಾರೆ. ಏರೀಸನ ಮಗ ಡಯೊಮಿಡೀಸ್ ಥ್ರೇಸ್‌ನ ದೊರೆ, ಅವನ ನರಭಕ್ಷಕ ಕುದುರೆಗಳನ್ನು ತಂದದ್ದು ಹೆರಕ್ಲೀಸ್‌ನ 8ನೇ ಸಾಹಸ. ಟಿಡಿಯಸ್‌ನ ಮಗ ಡಯೊಮಿಡೀಸ್ ಇಲಿಯಡ್ 10ನೇ ಸರ್ಗದಲ್ಲಿ ರಾತ್ರೋರಾತ್ರಿ ಥ್ರೇಸ್‌ನ ರೀಸಸ್‌ನನ್ನು ಕೊಂದು ಕುದುರೆ ಹೊಡೆದುಕೊಂಡು ಬರುವವನು. ಇವನು ಏರೀಸನ ಮಗನಲ್ಲ, ಏರೀಸನಿಗೇ ಭರ್ಜಿ ತಿವಿದವನು.

ಸಿಲ್ಲಾ ವಿಷಯದಲ್ಲಿ ತಪ್ಪು ನಮ್ಮದಲ್ಲ, ಕವಿಗಳದು. ನಾವಿಕರನ್ನು ಹಿಡಿದು ತಿನ್ನುವ ರಕ್ಕಸಿ ಬೇರೆ, ಅಪ್ಪ ನಿಸಸ್‌ನ ನೇರಳೆ ಕೂದಲು ಕತ್ತರಿಸಿ ಮೆಗಾರಾ ಊರನ್ನು ಕಳೆದವಳು ಬೇರೆ. ವರ್ಜಿಲ್ 6ನೇ ಗೋಪಗೀತದಲ್ಲಿ ನಿಸಸ್‌ನ ಮಗಳ ಸೊಂಟಕ್ಕೇ ಬೊಗಳುವ ಪ್ರಾಣಿಗಳನ್ನು ಕಟ್ಟಿದ್ದಾನೆ. ಅನುವಾದದಲ್ಲಿ ಇದನ್ನು ‘ತಿದ್ದ’ಬೇಡಿ. ಹಾಗೇ ಬಿಟ್ಟು ಅಡಿಟಿಪ್ಪಣಿ ಹಾಕಿ.

ಕಡಲತಡಿ

ವಿಕಿಡೇಟಾದಲ್ಲೂ (ವಿಕಿಪೀಡಿಯದ ಜೊತೆಗಿನ ದತ್ತಾಂಶ ಭಂಡಾರ) ಸೇರಿಸುವವರಿದ್ದರೆ: ಬೇರೆ ಬೇರೆ ಎಂದು ಖಚಿತವಿದ್ದರೆ ಪಿ1889 ಎಂಬ ಸಂಬಂಧಸೂಚಕ, ‘ಇದಕ್ಕಿಂತ ಭಿನ್ನ’. ಕೆಲವರು ಒಂದೇ ಎನ್ನುತ್ತಾರೆ ಎಂದಿದ್ದರೆ ಪಿ460, ‘ಒಂದೇ ಎನ್ನಲಾಗಿದೆ’. ಎರಡು ಪುಟಗಳನ್ನು ವಿಲೀನ ಮಾಡುವ ಮುಂಚೆ ಎರಡು ಸಲ ಯೋಚಿಸಿ, ಬೇರೆ ಭಾಷೆಗಳ ಕೊಂಡಿಗಳೆಲ್ಲ ಒಟ್ಟಿಗೆ ಎಳೆದುಕೊಂಡು ಬರುತ್ತವೆ.

ಪದಕೋಶಿ

ಎಲ್ಲರಿಗೂ ವಂದನೆ. ಪರೀಕ್ಷೆಗೆ ಸಿಕ್ನಸ್ ತುಂಬಿದೆ, ನೋಡಿ ಹೇಳಿ:

ಸಿಕ್ನಸ್, ಪೊಸೈಡನ್‌ನ ಮಗ, ಕೊಲೊನೈ. ಅಕಿಲೀಸ್ ಭರ್ಜಿಯಿಂದ ಕೊಂದ, ಹಂಸವಾದ (ಓವಿಡ್, 12ನೇ ಪುಸ್ತಕ).
ಸಿಕ್ನಸ್, ಸ್ತೆನೆಲಸ್‌ನ ಮಗ, ಲಿಗೂರಿಯಾ. ಫೇಥಾನ್‌ನ ಸಾವಿಗೆ ಅತ್ತು ಹಂಸವಾದ (ಓವಿಡ್, 2).
ಸಿಕ್ನಸ್, ಹೈರಿಯಳ ಮಗ. ಬಂಡೆಯಿಂದ ಹಾರಿ ಹಂಸವಾದ (ಓವಿಡ್, 7).
ಸಿಕ್ನಸ್, ಏರೀಸನ ಮಗ. ಹೆರಕ್ಲೀಸ್‌ನ ಜೊತೆ ದ್ವಂದ್ವಯುದ್ಧ (ಅಪೊಲೊಡೋರಸ್).

ಚಿಕ್ಕೆರೆ

ಮೊದಲನೆಯದು ತಪ್ಪು. ಭರ್ಜಿ ಅವನ ಮೈಗೆ ನಾಟುವುದೇ ಇಲ್ಲ, ಇಡೀ ಕಥೆ ನಿಂತಿರುವುದು ಅದರ ಮೇಲೆ. ಅಕಿಲೀಸ್ ಅವನನ್ನು ಕೆಡವಿ, ಎದೆಯ ಮೇಲೆ ಗುರಾಣಿಯನ್ನೂ ಮಂಡಿಯನ್ನೂ ಊರಿ, ಅವನ ಶಿರಸ್ತ್ರಾಣದ ಪಟ್ಟಿಯಿಂದಲೇ ಕತ್ತು ಬಿಗಿದು ಕೊಲ್ಲುತ್ತಾನೆ. ಕವಚ ಬಿಚ್ಚಲು ಹೋದರೆ ಒಳಗೆ ಯಾರೂ ಇಲ್ಲ. ಸಿಕ್ನಸ್ ಎಂದರೇ ಹಂಸ, ಆದ್ದರಿಂದ ಓವಿಡ್‌ನ ಮೂವರೂ ಹಂಸವಾಗುತ್ತಾರೆ. ‘ಹಂಸವಾದ’ ಎಂಬುದು ಗುರುತಾಗಿ ಉಪಯೋಗಕ್ಕೆ ಬರದು.

ಕೊನೆಯದು ಒಬ್ಬನಲ್ಲ, ಇಬ್ಬರು. ಅಪೊಲೊಡೋರಸ್‌ನ ಒಂದೇ ಪುಸ್ತಕದಲ್ಲಿ ಇಬ್ಬರು ಸಿಕ್ನಸ್, ಇಬ್ಬರೂ ಏರೀಸನ ಮಕ್ಕಳು, ಇಬ್ಬರೂ ಹೆರಕ್ಲೀಸ್‌ನನ್ನೇ ಕೆಣಕಿದವರು. ಎಖೆಡೋರಸ್ ಹೊಳೆಯ ಹತ್ತಿರದವನು ಪೈರೀನಿಯ ಮಗ, ಅವರ ಜಗಳದ ನಡುವೆ ಸಿಡಿಲು ಬಿದ್ದು ಬಿಡಿಸಿತು. ಇಟೋನಸ್‌ನವನು ಪೆಲೊಪಿಯಾಳ ಮಗ, ಅವನು ಸತ್ತ. ಬೇರ್ಪಡಿಸುವುದು ತಾಯಿ. ಸಾರ್ಪಿಡಾನ್‌ನ ವಿಷಯದಲ್ಲೇ ಇದು ಕಂಡಿತ್ತು, ಎರಡು ಕಡೆಯೂ ತಂದೆ ಝ್ಯೂಸ್ ತಾನೇ. ಆಗ ಯಾರೂ ಗಮನಿಸಲಿಲ್ಲ.

ಪದಕೋಶಿ

ತಿದ್ದಿದೆ. ತಂದೆಯ ಪಕ್ಕದಲ್ಲಿ ತಾಯಿಗೆ ಒಂದು ಕಾಲಂ ಸೇರಿತು, ಈಗ ಆರು. ಮುಂದಿನ ಕಂತು ಎಲೆಕ್ಟ್ರಾ: ಅಗಮೆಮ್ನಾನ್‌ನ ಮಗಳು, ಡಾರ್ಡನಸ್‌ನ ತಾಯಿ, ಐರಿಸ್‌ಳ ತಾಯಿ, ಸದ್ಯಕ್ಕೆ ಈ ಮೂವರು. ನಾಲ್ಕನೆಯವಳು ಇದ್ದರೆ ತಂದೆ ತಾಯಿ ಊರು ಸಮೇತ ಹೇಳಿ.